ಸದ್ದು ಮಾಡದ ಡಬ್ಬಿ

ಸರಕು ಎಂದು ನೋಡಿದರೆ ಅವಳು ಮೊದಲ ನೋಟಕ್ಕೆ ಕೈಗೆತ್ತಿಕೊಳ್ಳುವ ಮಾಲಲ್ಲ. ಎತ್ತರ ಸಾಧಾರಣ, ಮೈ ಒಣಕಲು. ಆಗ ತಾನೇ ಯಾರೋ ತೂಕದಲ್ಲಿ ಮೋಸ ಮಾಡಿದರು ಎನ್ನುವಂಥ ಮುಖ. ವಯಸ್ಸು ಐವತ್ತಕ್ಕೆ ಎರಡು ಕಮ್ಮಿ ಅನ್ನುತ್ತಾಳೆ. ನಾನು ಮೂರು ಹೆಚ್ಚು ಹಾಕಿಕೊಳ್ಳುತ್ತೇನೆ. ಹಲ್ಲು, ಕಣ್ಣು, ಮಂಡಿ ಎಲ್ಲಕ್ಕೂ ಸವಕಳಿ ಹಿಡಿದಿದೆ. ನಾಲಿಗೆಗೆ ಮಾತ್ರ ಹಿಡಿದಿಲ್ಲ. ನಮ್ಮ ಬೀದಿಯಲ್ಲಿ ಅವಳನ್ನು ಎದುರಿಗೆ ‘ಅಕ್ಕಾ’ ಅನ್ನುತ್ತಾರೆ, ಬೆನ್ನ ಹಿಂದೆ ‘ಕತ್ತರಿ’ ಅನ್ನುತ್ತಾರೆ. ಎರಡೂ ಅವಳಿಗೆ ಗೊತ್ತು. ಎರಡನೆಯದು ಕೇಳಿದಾಗ ತಿರುಗಿ ನೋಡುತ್ತಾಳೆ, ಮೊದಲನೆಯದಕ್ಕೆ ತಿರುಗುವುದಿಲ್ಲ.

ಸರ್ಕಾರಿ ಆಸ್ಪತ್ರೆಯ ಹಿಂಬದಿಯಲ್ಲಿ, ಹರಿದ ಹಾಸಿಗೆಗಳನ್ನು ಪೇರಿಸಿಟ್ಟ ಶೆಡ್ಡಿನ ಪಕ್ಕ, ಒಂದು ಕಿಟಕಿಯಿತ್ತು. ಬೆಳಿಗ್ಗೆ ಆರೂವರೆಗೆ ತೆರೆಯುವುದು, ಎಂಟೂವರೆಗೆ ಮುಚ್ಚುವುದು. ಎಚ್‌ಐವಿ ಇದ್ದವರಿಗೆ ತಿಂಗಳ ಮಾತ್ರೆ ಸಿಗುತ್ತಿದ್ದದ್ದು ಅಲ್ಲಿ. ದಿನಕ್ಕೊಂದು ಮಾತ್ರೆ, ತಪ್ಪಿಸದೆ ನುಂಗಿದರೆ ಮನುಷ್ಯ ಎಲ್ಲರ ಹಾಗೆ ಬದುಕುತ್ತಾನೆ. ಬಿಟ್ಟರೆ ರೋಗ ಬಿಟ್ಟ ಜಾಗದಿಂದಲೇ ಕೆಲಸ ಶುರು ಮಾಡುತ್ತದೆ. ಹತ್ತೊಂಬತ್ತು ವರ್ಷ ಆ ಕಿಟಕಿಯ ಒಳಗೆ ಕೂತವಳು ಇವಳು. ಕಿಟಕಿಗೆ ಬೋರ್ಡಿರಲಿಲ್ಲ. ಹೊಸದಾಗಿ ಬಂದ ದೊಡ್ಡ ಡಾಕ್ಟರು ಬೋರ್ಡು ಬರೆಸಿದಾಗ ಇವಳು ಅದನ್ನು ತಿರುಗಿಸಿ, ಹಾಸಿಗೆಗಳ ಮೇಲೆ ಮಳೆ ನೀರು ಸೋರದ ಹಾಗೆ ಹೊದಿಸಿದಳು.

“ಬೋರ್ಡ್ ಎಲ್ಲಮ್ಮಾ?”

“ಉಪಯೋಗಕ್ಕೆ ಬರ್ತಾ ಇದೆ ಸಾರ್.”

ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಗಂಡ ಬಸ್ ಓಡಿಸುತ್ತಾನೆ. ಅವನು ಹೇಳಿದ ಹಾಗೆ ತಿರುಗುವುದು ಲೋಕದಲ್ಲಿ ಆ ಸ್ಟೇರಿಂಗ್ ಒಂದೇ. ಅತ್ತೆಗೆ ಒಂದು ಕಿವಿ ಮಂದ. ಸೊಸೆ ಕೆಲಸದಿಂದ ಬರುವ ಸದ್ದು ಮೆಟ್ಟಿಲಲ್ಲಿ ಕೇಳಿದೊಡನೆ ಮುದುಕಿ ಕುರ್ಚಿಯನ್ನು ತಿರುಗಿಸಿಕೊಂಡು ಮಂದ ಕಿವಿಯನ್ನು ಬಾಗಿಲ ಕಡೆಗೆ ಇಡುತ್ತಾಳೆ. ಮೂವತ್ತು ವರ್ಷದ ಸಂಸಾರ ಹೀಗೆ ಸುಖವಾಗಿ ನಡೆದಿದೆ.

ನನ್ನ ವ್ಯಾಪಾರ ಖಾಲಿ ಡಬ್ಬಿ, ಖಾಲಿ ಬಾಟಲಿ. ತುಂಬಿದ್ದನ್ನು ಮಾರುವವರು ಊರೆಲ್ಲ ಇದ್ದಾರೆ; ಖಾಲಿಯನ್ನು ಮಾರಲು ತಲೆ ಬೇಕು. ಅಂಗಡಿಯಲ್ಲಿ ನಾನು, ನನ್ನ ಹೆಂಡತಿಯ ತಮ್ಮ, ಇಬ್ಬರೇ. ಭಾವಮೈದುನನ ಕಿವಿ ಬೆಕ್ಕಿನದು. ಹಿಂದಿನ ಗೋಡೌನಿನಲ್ಲಿ ಡಬ್ಬಿ ಉರುಳಿದರೆ ಮುಂದೆ ಗಲ್ಲಾಪೆಟ್ಟಿಗೆಯ ಹತ್ತಿರ ಕೂತೇ, ಅದು ತಗಡಿನದೋ ಪ್ಲಾಸ್ಟಿಕ್ಕಿನದೋ ಹೇಳುತ್ತಾನೆ.

ಇವಳು ಮೊದಲ ಸಲ ಅಂಗಡಿಗೆ ಬಂದಾಗ ನಾನು ಹತ್ತು ಬಗೆಯ ಡಬ್ಬಿ ಹರಡಿದೆ. ಇವಳು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಮುಚ್ಚಳ ತೆಗೆದಳು, ಹಾಕಿದಳು.

“ಇದು ಟಕ್ ಅನ್ನುತ್ತೆ. ಬೇಡ. ಇದು ಕಿರ್ ಅನ್ನುತ್ತೆ. ಇದಕ್ಕೆ ಗಾಳಿ ಹೋಗುತ್ತೆ. ಸದ್ದು ಮಾಡಬಾರದು, ತೇವ ಒಳಗೆ ಹೋಗಬಾರದು, ಜೇಬಲ್ಲಿ ಉಬ್ಬಿ ಕಾಣಬಾರದು. ಇದೆಯಾ, ಇಲ್ವಾ?”

“ಡಬ್ಬಿ ಕೇಳ್ತಿದ್ದೀರಾ ಅಕ್ಕಾ, ಅಳಿಯನ್ನ ಕೇಳ್ತಿದ್ದೀರಾ?” ಎಂದ ಭಾವಮೈದುನ.

“ಅಳಿಯ ಆದ್ರೆ ಇಷ್ಟು ಹುಡುಕೋ ಕೆಲಸ ಇಲ್ಲ. ಯಾವ ಖಾಲಿ ಆದ್ರೂ ನಡೆಯುತ್ತೆ” ಅಂದಳು ಇವಳು, ಅವನನ್ನು ಮೇಲಿಂದ ಕೆಳಗೆ ನೋಡಿ.

ಕೊನೆಗೆ ಒಪ್ಪಿದ್ದು ತಿರುಗಿಸುವ ಮುಚ್ಚಳದ ಚಪ್ಪಟೆ ಮುಲಾಮಿನ ಡಬ್ಬಿಯನ್ನು. ಹತ್ತು ತಗೊಂಡು ಎರಡನ್ನು ಮಾರನೆಯ ದಿನ ವಾಪಸ್ ತಂದಳು. ಎಂಟು ಇಟ್ಟುಕೊಂಡು ಹತ್ತಕ್ಕೆ ಬೈದಳು. ವರ್ಷಗಟ್ಟಲೆ ಹೀಗೇ ನಡೆಯಿತು. ಏನು ಮಾಡುತ್ತಾಳೆಂದು ನಾನು ಕೇಳಲಿಲ್ಲ. ಕೊಳ್ಳುವವರನ್ನು ಕಾರಣ ಕೇಳುವ ವ್ಯಾಪಾರಿ ಉದ್ಧಾರವಾಗುವುದಿಲ್ಲ. ಕದ್ದು ನಶ್ಯ ಮಾರುತ್ತಾಳೆ ಎಂದು ನನ್ನ ಅಂದಾಜು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಊಟ ನನಗೆ ಗೊತ್ತಿತ್ತು, ಮಾತು ಅವಳಿಗೆ ಗೊತ್ತಿತ್ತು. ನನಗೆ ರೋಗ ಬಂತು, ಅವಳಿಗೆ ದಿನಾ ಜಗಳ. ಹೇಗೆ ಬಂತು ಎನ್ನುವುದು ಇಲ್ಲಿ ಬೇಡ, ಇದು ಅವಳ ಕಥೆ. ಹನ್ನೊಂದು ವರ್ಷದ ಕೆಳಗೆ ಒಂದು ಬೆಳಿಗ್ಗೆ, ನನ್ನ ಹೆಂಡತಿ ಹಿಂದಿನಿಂದ ನೂಕಿದ್ದಕ್ಕೆ, ನಾನು ಆ ಕಿಟಕಿಯ ಮುಂದೆ ಮುಖಕ್ಕೆ ಟವೆಲ್ ಸುತ್ತಿಕೊಂಡು ನಿಂತೆ. ಒಳಗಿನ ಕೈ ನನ್ನ ಚೀಟಿ ತಗೊಂಡಿತು. ಬಿಳಿ ಬಾಟಲಿಯ ಬಿರಡೆ ತೆಗೆದು ಮೂವತ್ತು ಮಾತ್ರೆ ಎಣಿಸಿ ಒಂದು ಚಪ್ಪಟೆ ಡಬ್ಬಿಗೆ ಸುರಿಯಿತು. ಬಾಟಲಿಯಲ್ಲಿದ್ದ ತೇವ ಹೀರುವ ಪುಟ್ಟ ಪೊಟ್ಟಣ ಅದರೊಳಗೆ ಹೋಯಿತು. ಮೇಲೆ ಹತ್ತಿ ತುರುಕಿ, ಮುಚ್ಚಳ ತಿರುಗಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ನನ್ನ ಮುಂದಿಟ್ಟಿತು. ಸದ್ದಿಲ್ಲ. ನಾನೇ ಮಾರಿದ ಡಬ್ಬಿ.

“ಡಬ್ಬಿ ಅಷ್ಟಕ್ಕಷ್ಟೇ” ಅಂದಳು ಇವಳು. “ಮಾರಿದವನು ಕಳ್ಳ. ಅದಕ್ಕೇ ಹತ್ತಿ ಎರಡು ಪಟ್ಟು ಹಾಕಿದ್ದೀನಿ. ಟವೆಲ್ ತೆಗಿ ಮಾರಾಯ, ಈ ಬೀದಿಯಲ್ಲಿ ಈ ಸೆಕೆಗೆ ಟವೆಲ್ ಸುತ್ಕೊಂಡೋನು ನೀನೊಬ್ಬನೇ, ಎಲ್ಲರೂ ನಿನ್ನನ್ನೇ ನೋಡ್ತಿದ್ದಾರೆ.”

ಅಂದಿನಿಂದ ಆ ಡಬ್ಬಿ ನನ್ನ ಅಂಗಿಯ ಜೇಬಿನಲ್ಲಿದೆ. ಬೆಕ್ಕಿನ ಕಿವಿಯ ಭಾವಮೈದುನ ಹನ್ನೊಂದು ವರ್ಷ ಪಕ್ಕದಲ್ಲೇ ಕೂತಿದ್ದಾನೆ, ಅವನಿಗೆ ಕೇಳಿಸಿಲ್ಲ. ನನ್ನ ಹಾಗೆ ಡಬ್ಬಿಯಲ್ಲಿ ಒಯ್ಯುವವರು ಆ ಕಿಟಕಿಯಲ್ಲಿ ನೂರಾ ನಲವತ್ತು ಜನ. ಬೇಕರಿಯವನು, ಶಾಲೆಯ ಆಯಾ, ಹೊಸ ಸೊಸೆಯಂದಿರು, ಕಾವಲುಗಾರರು. ಹಾಸ್ಟೆಲಿನಲ್ಲಿ, ಅತ್ತೆ ಮನೆಯಲ್ಲಿ, ಆರು ಜನ ಮಲಗುವ ಕೋಣೆಯಲ್ಲಿ, ಬಾಟಲಿಯೊಳಗೆ ಮಾತ್ರೆ ಗಲಗಲ ಅಂದರೆ ಸಾಕು, ಕೇಳುವವರು ಇದ್ದೇ ಇರುತ್ತಾರೆ. ಉಳಿದವರು ಬಾಟಲಿಯನ್ನೇ ಒಯ್ಯುತ್ತಿದ್ದರು.

ಇದರಿಂದ ಅವಳು ನನ್ನ ಬಗ್ಗೆ ಮೆತ್ತಗಾದಳು ಎಂದುಕೊಂಡರೆ ತಪ್ಪು. ಅಂಗಡಿಯಲ್ಲಿ ಬೈಯುವುದು ಹಾಗೇ ಇತ್ತು, ಈಗ ಕಿಟಕಿಯಲ್ಲೂ ಬೈಯುತ್ತಿದ್ದಳು. ಒಂದು ದಿನ ತಡವಾಗಿ ಹೋದರೆ, “ಬಂದ್ರಾ ಡಬ್ಬಿ ದೊರೆ! ಸತ್ತು ಹೋಗಿದ್ರೆ ಹೇಳಿ ಕಳಿಸಬಾರದಾ, ನಿಮ್ಮ ಪಾಲಿನ ಹತ್ತಿ ಬೇರೆಯವರಿಗೆ ಕೊಡ್ತಿದ್ದೆ.” ಮೇಲಾಗಿ ನನಗೊಂದು ಕೆಲಸ ಹಚ್ಚಿದಳು. ಡಬ್ಬಿಗೆ ಸುರಿದ ಮೇಲೆ ಉಳಿಯುವ ಖಾಲಿ ಬಾಟಲಿಗಳನ್ನು ಮೂಟೆ ಕಟ್ಟಿ ನನಗೆ ಕೊಡುವಳು. ನಾನು ಅವುಗಳ ಲೇಬಲ್ ಕಿತ್ತು ಕರಗಿಸಲು ಕಳಿಸಬೇಕು. ಲೇಬಲ್ ಮೇಲೆ ಹೆಸರಿಲ್ಲ, ಒಂದು ನಂಬರು ಮತ್ತು ತಿಂಗಳು ಅಷ್ಟೇ. “ಆದ್ರೂ ಕೀಳು” ಅಂದಿದ್ದಳು. “ಹೂಂ” ಅಂದಿದ್ದೆ. ಹೂಂ ಅನ್ನುವುದಕ್ಕೆ ಖರ್ಚಿಲ್ಲ. ಮೂಟೆಗಳನ್ನು ಗೋಡೌನಿನ ಮೂಲೆಗೆ ಎಸೆದು ಮರೆತಿದ್ದೆ.

ಈಗ ತಪ್ಪು ಎಲ್ಲಾಯಿತು ಎಂದು ಹೇಳುತ್ತೇನೆ. ಇಂಥ ತಪ್ಪು ಇವಳಂಥವಳು ಮಾತ್ರ ಮಾಡಬಲ್ಲಳು.

ಪ್ರತಿ ತಿಂಗಳು ಅವಳು ಮೇಲಿನ ಆಫೀಸಿಗೆ ಒಂದು ಫಾರಂ ತುಂಬಿ ಕಳಿಸಬೇಕು. ಅದರಲ್ಲಿ ‘ರೋಗಿ ವಾಪಸ್ ತಂದ ಖಾಲಿ ಬಾಟಲಿ’ ಎಂದು ಒಂದು ಸಾಲು. ಹಳೆಯ ಬಾಟಲಿ ತಂದವನು ಮಾತ್ರೆ ನುಂಗಿದ್ದಾನೆ ಎಂದು ಆಫೀಸಿನ ಲೆಕ್ಕ. ನಮ್ಮ ನೂರಾ ನಲವತ್ತು ಜನರ ಎದುರು ಇವಳು ಪ್ರತಿ ತಿಂಗಳೂ ಸೊನ್ನೆ ಬರೆದಳು. ಬಾಟಲಿ ಕಿಟಕಿ ದಾಟಿ ಹೊರಗೇ ಹೋಗಿಲ್ಲ, ಹೋಗದೆ ಇದ್ದದ್ದು ವಾಪಸ್ ಬಂತು ಎಂದು ಹೇಗೆ ಬರೆಯುವುದು? ಸುಳ್ಳು ಬರೆಯಲಾರೆ ಎಂಬ ಜಂಬ. ಪಕ್ಕದಲ್ಲಿ ಕಾರಣ ಬರೆಯಲು ಜಾಗವಿರಲಿಲ್ಲ. ಇದ್ದಿದ್ದರೂ ಡಬ್ಬಿಗೆ ಸುರಿಯುವುದು ನಿಯಮದಲ್ಲಿಲ್ಲ. ವರ್ಷಗಳ ಕಾಲ ಆ ಸೊನ್ನೆಗಳನ್ನು ಯಾರೂ ನೋಡಲಿಲ್ಲ.

ಆಮೇಲೆ ಲೋಕಕ್ಕೆಲ್ಲ ಒಂದು ಯೋಜನೆ ಮಾಡುವ ಕಾಲ ಬಂತು. ಮುಂದಿನ ಹದಿನೈದು ವರ್ಷ ಈ ರೋಗವನ್ನು ಹೇಗೆ ಎದುರಿಸುವುದು, ಹಣ ಕಮ್ಮಿಯಾಗುತ್ತಿರುವಾಗ ಯಾವುದನ್ನು ಉಳಿಸುವುದು, ಯಾವುದನ್ನು ಮುಚ್ಚುವುದು, ಎಲ್ಲ ದೇಶಗಳಿಂದ, ಎಲ್ಲ ಆಸ್ಪತ್ರೆಗಳಿಂದ ಅಂಕಿ ತರಿಸಿ ಕೂಡಿಸಿದರು. ಆಗ ಸೊನ್ನೆಗಳು ಕಂಡವು. ಸತತ ಮೂರು ಸೊನ್ನೆ ಬಂದರೆ ಆ ರೋಗಿ ‘ಕಳೆದುಹೋದವನು’. ಇವಳ ಕಿಟಕಿಯಲ್ಲಿ ನೂರಾ ನಲವತ್ತು ಜನ ಕಳೆದುಹೋಗಿದ್ದರು. ಕಾಗದ ಬಂತು: ಈ ಕಿಟಕಿ ಫಲ ಕೊಡುತ್ತಿಲ್ಲ, ಇದನ್ನು ಮುಚ್ಚಿ, ಉಳಿದವರನ್ನು ಒಂಬತ್ತು ಗಂಟೆಯ ಸಾಮಾನ್ಯ ಔಷಧಿ ಕೌಂಟರಿಗೆ ಸೇರಿಸಬೇಕು. ಕೌಂಟರ್ ಎಂದರೆ ನಾಲ್ಕು ನೂರು ಜನ ಕೂರುವ ಹಾಲ್, ಮೈಕಿನಲ್ಲಿ ಹೆಸರು ಕರೆಯುತ್ತಾರೆ. ನಮ್ಮಲ್ಲಿ ಎಷ್ಟು ಜನ ಅಲ್ಲಿ ಹೋಗಿ ನಿಲ್ಲುತ್ತಾರೆ, ಎಷ್ಟು ಜನ ಮಾತ್ರೆ ಬಿಟ್ಟು ಮನೆಯಲ್ಲಿ ಕೂರುತ್ತಾರೆ ಎನ್ನುವುದು ಅವಳಿಗೆ ಬೆರಳ ತುದಿಯಲ್ಲಿತ್ತು. ಅಹವಾಲು ಹೇಳಿಕೊಳ್ಳಲು ಒಂದು ಸಭೆ ಇಟ್ಟಿದ್ದರು.

ಸಭೆಯ ಹಿಂದಿನ ದಿನ ಅವಳು ಅಂಗಡಿಗೆ ಬಂದಳು. ಭಾವಮೈದುನ ಊಟಕ್ಕೆ ಹೋಗಿದ್ದ.

“ಆ ಬಾಟಲಿಗಳು ಏನಾದ್ವು?”

ನಾನು ಅಭ್ಯಾಸಬಲದಿಂದ, “ಹೇಳಿದ ಹಾಗೇ. ಲೇಬಲ್ ಕಿತ್ತು ಕರಗಿಸಿದ್ದಾಯ್ತು” ಅಂದೆ.

ಅವಳು ಕೂತದ್ದನ್ನು ನಾನು ನಮ್ಮ ಅಂಗಡಿಯಲ್ಲಿ ನೋಡಿರಲಿಲ್ಲ. ಅಂದು ಸ್ಟೂಲ್ ಎಳೆದುಕೊಂಡು ಕೂತಳು. “ಜನ್ಮದಲ್ಲಿ ಒಂದು ಸಲ ಹೇಳಿದ ಮಾತು ನಡೆಸಿದೆ ನೋಡು. ಅದೂ ಬೇಡದ ಹೊತ್ತಲ್ಲಿ.”

“ಬೇಕಾಗಿತ್ತಾ?”

“ಅದೇ ನಂಬರು ತಿಂಗಳು ತಿಂಗಳೂ ಇದೆಯಲ್ಲೋ ಅದರ ಮೇಲೆ! ಅವರು ಬಂದಿದ್ದಾರೆ, ತಗೊಂಡಿದ್ದಾರೆ ಅನ್ನೋಕೆ ನನ್ನ ಹತ್ರ ಬೇರೆ ಏನಿದೆ? ರಿಜಿಸ್ಟರ್ ನಾನೇ ಬರೆದದ್ದು ಅಂತಾರೆ.”

“ಹಾಗಿದ್ರೆ… ಕಿತ್ತಿಲ್ಲ. ಈ ವರ್ಷದ್ದೇ ಮೂರು ಮೂಟೆ ಹಿಂದೆ ಬಿದ್ದಿದೆ.”

“ಕಳ್ಳ ಅಂತ ನಾನು ಸುಮ್ಮನೆ ಅನ್ನಲ್ಲ” ಅಂದು ಎದ್ದಳು. “ನಾಳೆ ಮಧ್ಯಾಹ್ನ ಎರಡಕ್ಕೆ ಮೂಟೆ ತಗೊಂಡು ಬಾ. ಬಾಯಿ ಮನೆಯಲ್ಲೇ ಬಿಟ್ಟು ಬಾ.”

ಮೂರು ಮೂಟೆ ಒಬ್ಬನಿಗೆ ಆಗುವುದಿಲ್ಲ. ಭಾವಮೈದುನನೂ ಬಂದ. ಆಸ್ಪತ್ರೆಯ ಹಳೆ ಮಾಲಿನ ಲೆಕ್ಕ ಎಂದು ಅವನಿಗೆ ಹೇಳಿದ್ದೆ.

ಆಸ್ಪತ್ರೆಯ ಮೂರನೇ ಮಹಡಿಯ ಉದ್ದ ಕೋಣೆ. ಮೇಜಿನ ಸುತ್ತ ಇಪ್ಪತ್ತು ಜನ, ಪ್ರತಿಯೊಬ್ಬರ ಮುಂದೆ ಒಂದು ನೀರಿನ ಬಾಟಲಿ. ಇಪ್ಪತ್ತು ಖಾಲಿ ಸಿಗುತ್ತವೆ ಎಂದು ಮೊದಲು ಕಣ್ಣಿಗೆ ಬಿದ್ದದ್ದು ಅದೇ. ಗೋಡೆಯ ಮೇಲೆ ಬೆಳಕಿನಲ್ಲಿ ಒಂದು ಗೆರೆ ಮೇಲಿಂದ ಜಾರಿ ಮುಂದೆಂದೋ ಒಂದು ವರ್ಷದಲ್ಲಿ ನೆಲ ಮುಟ್ಟುತ್ತಿತ್ತು. ಅಲ್ಲಿಗೆ ರೋಗ ಮುಗಿಯಿತು. ಗೆರೆಯನ್ನು ಕೋಲಿನಿಂದ ತೋರಿಸುತ್ತಿದ್ದವನು ಎಳೆಯ ವಯಸ್ಸಿನ, ಇಸ್ತ್ರಿ ಮಾಡಿದ ದನಿಯ ಅಧಿಕಾರಿ. ಯೋಜನೆ ಬರೆಯುವವರಲ್ಲಿ ಒಬ್ಬ. ನ್ಯಾಯ ಹೇಳಬೇಕೆಂದರೆ ಅವನ ಮಾತು ತಲೆ ಇಲ್ಲದ್ದಲ್ಲ. ಈ ರೋಗಿಗಳನ್ನು ಕೊನೆಯವರೆಗೂ ಹಿಂಬದಿಯ ಕಿಟಕಿಯಲ್ಲೇ ಇಟ್ಟರೆ ನಾಚಿಕೆ ಹೋಗುವುದು ಯಾವಾಗ, ಎಲ್ಲರ ಜೊತೆ ನಿಂತಾಗಲೇ ಹೋಗುವುದು ಅಂದ.

“ನಾಚಿಕೆ ಹೋಗೋ ತನಕ ಮಾತ್ರೆ ಯಾರು ಕೊಡ್ತಾರೆ?” ಅಂದಳು ಇವಳು, ಬಾಗಿಲ ಬಳಿಯ ಕುರ್ಚಿಯಿಂದ.

“ನಿಮ್ಮ ಸರದಿ ಬರುತ್ತೆ ಮೇಡಂ.”

“ಹತ್ತೊಂಬತ್ತು ವರ್ಷ ಆಯ್ತು. ಬರಲಿ.”

ಸರದಿ ಬಂತು. ಅಧಿಕಾರಿ ಕಾಗದ ನೋಡಿ, “ನಿಮ್ಮಲ್ಲಿ ನೂರಾ ನಲವತ್ತು ಜನ ಕಳೆದುಹೋಗಿದ್ದಾರೆ” ಅಂದ.

“ಕಳೆದುಹೋಗೋಕೆ ಅವರೇನು ಛತ್ರಿಗಳಾ? ಮೊನ್ನೆ ತಾನೆ ಬಂದಿದ್ರು. ನೀವು ಎಣಿಸಿದ್ದು ಬಾಟಲಿ. ಜನರನ್ನ ಎಣಿಸಲೇ ಇಲ್ಲ.” ಅಂದು ಅವಳು ಡಬ್ಬಿಯ ವಿಷಯ, ಹತ್ತಿಯ ವಿಷಯ ಎಲ್ಲ ಹೇಳಿದಳು. ನಿಯಮದಲ್ಲಿ ಇಲ್ಲ, ಗೊತ್ತು, ಮಾಡಿದ್ದೇನೆ ಎಂದಳು. ರಕ್ತದ ವರದಿ ತೆಗೆದು ನೋಡಿ, ಅವರಲ್ಲಿ ವೈರಸ್ ಕಾಣಿಸದಷ್ಟು ಇಳಿದಿದೆ ಎಂದಳು. ಆ ವರದಿಗಳು ಬೇರೆ ಕಂಪ್ಯೂಟರಿನಲ್ಲಿವೆ, ಎರಡನ್ನೂ ಜೋಡಿಸುವುದು ಯೋಜನೆಯ ಮುಂದಿನ ಹಂತ ಎಂದು ಯಾರೋ ಹೇಳಿದರು. ಆಗ ಅವಳು ನಮ್ಮ ಕಡೆ ಕೈ ಮಾಡಿದಳು. ನಾನೂ ಭಾವಮೈದುನನೂ ಮೂಟೆ ಬಿಚ್ಚಿ ಮೇಜಿನ ಮೇಲೆ ಸುರಿದೆವು. ಬಿಳಿ ಬಾಟಲಿಗಳು ಲಡಲಡ ಉರುಳಿ ನೀರಿನ ಬಾಟಲಿಗಳ ನಡುವೆ ನುಗ್ಗಿ ನಿಂತವು.

ಮೂಟೆ ನಮ್ಮನ್ನು ಕಾಯುತ್ತದೆ ಎಂದುಕೊಂಡಿದ್ದೆವು. ಮೂಟೆಯೇ ಕಚ್ಚಿತು.

ಅಧಿಕಾರಿ ಒಂದು ಬಾಟಲಿ ಎತ್ತಿ, ಲೇಬಲ್ ಓದಿ, ಬುಡ ಮೇಲು ಮಾಡಿದ. “ಬಾಟಲಿ ಇಲ್ಲಿದೆ. ಮಾತ್ರೆ ಎಲ್ಲಿ?”

“ಹೇಳಿದೆನಲ್ಲ, ಡಬ್ಬಿಯಲ್ಲಿ ಹೋಯ್ತು.”

“ಹೋಯ್ತು. ಎಲ್ಲಿಗೆ ಹೋಯ್ತು? ಸರ್ಕಾರದ ಬಾಟಲಿ ಖಾಲಿ ಮಾಡಿ ಗುಜರಿಯವನಿಗೆ ಕೊಟ್ಟಿದ್ದೀರಿ. ಒಳಗಿನ ಮಾಲು ಯಾರಿಗೆ ಕೊಟ್ರಿ ಅನ್ನೋದಕ್ಕೆ ನಿಮ್ಮ ಮಾತು ಬಿಟ್ಟರೆ ಏನಿದೆ?”

ಕೋಣೆಯಲ್ಲಿ ಗಾಳಿ ತಿರುಗಿತು. ದೊಡ್ಡ ಡಾಕ್ಟರು ತಮ್ಮ ಕುರ್ಚಿಯನ್ನು ಅವಳಿಂದ ಒಂದು ಗೇಣು ದೂರ ಸರಿಸಿದರು. “ಮೊದಲೇ ಅನುಮಾನ ಇತ್ತು” ಎಂದಿತು ಒಂದು ದನಿ.

“ಒಬ್ಬರನ್ನ ತೋರಿಸಿ” ಅಂದ ಅಧಿಕಾರಿ. ಗಟ್ಟಿಯಾಗಿ ಅನ್ನಲಿಲ್ಲ. “ನೂರಾ ನಲವತ್ತರಲ್ಲಿ ಒಬ್ಬರೇ ಒಬ್ಬರು. ಡಬ್ಬಿ ಸಮೇತ. ಈಗಲೇ ನಾನು ಈ ಸಾಲು ತಿದ್ದುತ್ತೇನೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಅಂಗಿಯ ಜೇಬಿನ ಮೇಲಿತ್ತು. ಒಳಗೆ ಡಬ್ಬಿ, ಡಬ್ಬಿಯಲ್ಲಿ ಹದಿನೇಳು ಮಾತ್ರೆ, ಮೇಲೆ ಎರಡು ಪಟ್ಟು ಹತ್ತಿ. ಅವಳಿಗೆ ಗೊತ್ತಿತ್ತು. ಒಂದು ಸಲ ನನ್ನ ಕಡೆ ನೋಡಿದ್ದರೂ ಸಾಕಿತ್ತು. ಅವಳು ಗೋಡೆಯ ಗೆರೆಯನ್ನು ನೋಡಿದಳು, ಫ್ಯಾನನ್ನು ನೋಡಿದಳು, ಅಧಿಕಾರಿಯ ಬೂಟನ್ನು ನೋಡಿದಳು. “ತೋರಿಸಲ್ಲ” ಅಂದಳು. “ತೋರಿಸದೇ ಇರೋಕೇ ನಾನು ಅಲ್ಲಿ ಕೂತಿರೋದು.”

ಅಧಿಕಾರಿ ನನ್ನ ಕಡೆ ತಿರುಗಿದ. “ನೀವು ಯಾರು? ಈ ಬಾಟಲಿ ನಿಮ್ಮ ಹತ್ರ ಯಾಕೆ?”

ಭಾವಮೈದುನನ ಉಸಿರು ನನ್ನ ಕಿವಿಯ ಪಕ್ಕದಲ್ಲೇ ಇತ್ತು. ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆ ಎಂದು ನನಗೆ ಇಂದಿಗೂ ತಿಳಿಯದು. ಅವಳು ಬಿಡಲಿಲ್ಲ.

“ಅವನನ್ನೇನು ಕೇಳ್ತೀರಿ? ಡಬ್ಬಿ ಮಾರೋನು. ಕತ್ತಿನ ಮೇಲಿರೋದೂ ಮಾರೋಕೆ ಇಟ್ಟಿರೋ ಖಾಲಿ ಡಬ್ಬಿನೇ. ಹೊತ್ತು ತಂದ, ಸುರಿದ, ಮುಗೀತು. ಹೋಗೋ, ಕೆಳಗೆ ಹೋಗು!”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಭಾವಮೈದುನ ನಕ್ಕ. ನಾನೂ ನಕ್ಕೆ. ನಗುತ್ತಲೇ ಖಾಲಿ ಮೂಟೆಗಳನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಮೂರು ಮಹಡಿ ಇಳಿದೆ. ಮೆಟ್ಟಿಲಲ್ಲಿ ಭಾವಮೈದುನ, “ಏನ್ ಬಾಯಿ ಭಾವ ಆ ಹೆಂಗಸಿಗೆ! ಕಳ್ಳಿ ಅನ್ನೋದು ಮುಖದಲ್ಲೇ ಬರೆದಿದೆ” ಅಂದ. ನಾನು ಹೂಂ ಅಂದೆ. ಆಗಲೇ ಹೇಳಿದೆನಲ್ಲ, ಹೂಂ ಅನ್ನುವುದಕ್ಕೆ ಖರ್ಚಿಲ್ಲ.

ಮುಂದಿನ ತಿಂಗಳ ಒಂದನೇ ತಾರೀಕು ಕಿಟಕಿಗೆ ಹಲಗೆ ಹೊಡೆದರು. ಅವಳನ್ನು ಸಾಮಾನ್ಯ ಕೌಂಟರಿನ ಕೊನೆಯ ಕುರ್ಚಿಗೆ ಹಾಕಿ, ಮಾತ್ರೆ ಕದ್ದಳೇ ಎಂದು ವಿಚಾರಣೆ ಇಟ್ಟರು. ಏಳು ತಿಂಗಳು ನಡೆಯಿತು. ಗಂಡನ ಬಸ್ಸಿನಲ್ಲಿ ಪ್ರಯಾಣಿಕರು ಅವನಿಗೇ ಕೇಳಿಸುವಂತೆ ಮಾತಾಡಿಕೊಂಡರು. ಅತ್ತೆ ಕುರ್ಚಿಯನ್ನು ತಿರುಗಿಸಿ ಒಳ್ಳೆಯ ಕಿವಿಯನ್ನು ಬಾಗಿಲ ಕಡೆಗಿಟ್ಟಳು. ಸೊಸೆ ಮಾತೇ ಆಡುತ್ತಿರಲಿಲ್ಲ. ಏಳನೇ ತಿಂಗಳು ಎರಡು ಕಂಪ್ಯೂಟರುಗಳನ್ನು ಜೋಡಿಸಿದರು. ನೂರಾ ನಲವತ್ತರಲ್ಲಿ ನೂರಾ ಮೂವತ್ತಾರು ಜನರ ರಕ್ತದಲ್ಲಿ, ಕಿಟಕಿ ಮುಚ್ಚುವ ದಿನದವರೆಗೂ, ವೈರಸ್ ಕಾಣಿಸದಷ್ಟು ಕಮ್ಮಿಯಿತ್ತು. ಮಾತ್ರೆ ನುಂಗದವರ ರಕ್ತ ಹಾಗಿರುವುದಿಲ್ಲ. ವಿಚಾರಣೆ ಕೈಬಿಟ್ಟರು. ಕಿಟಕಿ ತೆರೆಯಲಿಲ್ಲ. ಯೋಜನೆ ಅಷ್ಟರಲ್ಲಿ ಅಚ್ಚಾಗಿತ್ತು, ನಮ್ಮ ಸಾಲು ಅದರ ಎಷ್ಟನೆಯದೋ ಪುಟದಲ್ಲಿ ಸೇರಿ ಹೋಗಿತ್ತು. ಆ ಏಳು ತಿಂಗಳಲ್ಲಿ ಹತ್ತೊಂಬತ್ತು ಜನ ಮಾತ್ರೆಗೆ ಬರುವುದನ್ನೇ ಬಿಟ್ಟಿದ್ದರು. ಸುಳ್ಳು ಲೆಕ್ಕ ಹೀಗೆ ನಿಜವಾಯಿತು. ಶಾಲೆಯ ಆಯಾ ತೀರಿಕೊಂಡಳು. ಕ್ಷಯ ಎಂದು ಮನೆಯವರು ಹೇಳಿದರು. ಅದೂ ಸುಳ್ಳಲ್ಲ, ಮಾತ್ರೆ ಬಿಟ್ಟವರನ್ನು ಮೊದಲು ಹಿಡಿಯುವುದು ಅದೇ.

ನಾನು ಮೈಕಿನ ಹಾಲಿಗೆ ಹೋಗುತ್ತೇನೆ, ಹೆಂಡತಿಯ ಹೆಸರಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗೆ ಬಂದವನ ಹಾಗೆ. ಕೊನೆಯ ಕುರ್ಚಿಯಿಂದ ಅವಳು, “ಹತ್ತಿ ನೀನೇ ತಗೊಂಡು ಬರಬೇಕು, ಇಲ್ಲಿ ಕೊಡಲ್ಲ” ಅನ್ನುತ್ತಾಳೆ, ಅಂದು ಮೇಜಿನ ಕೆಳಗೆ ಹತ್ತಿ ತುರುಕಿ ಕೊಡುತ್ತಾಳೆ.

ಭಾನುವಾರ ಅಂಗಡಿಗೆ ಬರುತ್ತಾಳೆ. ಚೀಲ ತುಂಬ ಬಗೆಬಗೆಯ ಡಬ್ಬಿ ತುಂಬಿಸಿಕೊಂಡು ಮನೆಮನೆಗೆ ಮಾರಲು ಹೋಗುತ್ತಾಳೆ. ಬಾಗಿಲಲ್ಲಿ ಕೂತು ಡಬ್ಬಿ ಹರಡಿ, ಚೌಕಾಸಿ ಮಾಡಿ, ಹತ್ತು ಮನೆಗೆ ಬರೀ ಡಬ್ಬಿ ಮಾರಿ, ಹನ್ನೊಂದನೆಯ ಮನೆಯಲ್ಲಿ ಒಬ್ಬಳಿಗೆ ಮಾತ್ರ, “ನಾಳೆ ಒಂಬತ್ತಕ್ಕೆ ಬಾ, ನಿನ್ನ ಹೆಸರು ನಾನು ಕರೆಸಲ್ಲ” ಎಂದು ಮೆಲ್ಲಗೆ ಹೇಳಿ ಬರುತ್ತಾಳೆ. ಹತ್ತೊಂಬತ್ತರಲ್ಲಿ ಎಂಟು ಜನರನ್ನು ಹೀಗೆ ಹಿಡಿದು ತಂದಿದ್ದಾಳೆ.

“ಅಕ್ಕಾ, ನಮ್ಮ ವ್ಯಾಪಾರಕ್ಕೇ ಕೈ ಹಾಕಿದ್ರಾ?” ಅಂದ ಮೊನ್ನೆ ಭಾವಮೈದುನ.

“ನಿಮ್ಮ ಅಂಗಡಿಯಲ್ಲಿ ಧೈರ್ಯ ಒಂದು ಬಿಟ್ಟು ಎಲ್ಲಾ ಸಿಗುತ್ತೆ ನೋಡು. ಅದಕ್ಕೇ ನಾನೇ ಹೊತ್ಕೊಂಡು ಹೋಗ್ತೀನಿ” ಅಂದಳು. ನನ್ನ ಕಡೆ ನೋಡಲಿಲ್ಲ. ಆ ದಿನವೂ ನೋಡಿರಲಿಲ್ಲ.

ಇದನ್ನು ಬರೆಯಲು ಹೆದರಿಕೆಯಾಗಲಿಲ್ಲ. ಭಾವಮೈದುನ ಡಬ್ಬಿಯ ಮೇಲಿನ ಬೆಲೆ ಬಿಟ್ಟು ಬೇರೇನೂ ಓದುವವನಲ್ಲ. ಅದನ್ನು ಧೈರ್ಯ ಎಂದು ಯಾರೂ ತಿಳಿಯಬೇಡಿ. ಆ ಮಧ್ಯಾಹ್ನ ಆ ಉದ್ದ ಕೋಣೆಯಲ್ಲಿ ಜೇಬಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು ‘ಅವರಲ್ಲಿ ನಾನೊಬ್ಬ’ ಎಂದು ಹೇಳುವುದು ನಾನು ಅವಳಿಗೆ ಕೊಡಬೇಕಾಗಿದ್ದದ್ದು. ಇನ್ನೂ ಕೊಟ್ಟಿಲ್ಲ.